ಕೊಲೆಗೆ ಬೇಡಿ, ಕೊಳ್ಳೆಗೆ ರಾಜಿ



ಕಳೆದ ಮಳೆಗಾಲದ ಭಾನುವಾರಗಳಲ್ಲಿ, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ, ನಮ್ಮ ಕೂಟದ ತರುಣರು ಅಮೆರಿಕದ ಒಂದು ಕೋರ್ಟು ಧಾರಾವಾಹಿಯನ್ನು ಸಭಾಗೃಹದ ಗೋಡೆಯ ಮೇಲೆ ತೋರಿಸಿದರು. ಇಂಗ್ಲಿಷ್ ತಿಳಿಯದವರ ಪಕ್ಕದಲ್ಲಿ ಕುಳಿತು ಕಥೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋದರು. ಕೊಲೆ ಮಾಡಿಸಿದ ಖಳನಾಯಕನ ಕೈಗೆ ಕೊನೆಗೂ ಬೇಡಿ ಬಿದ್ದಾಗ ಹುಡುಗರು ಚಪ್ಪಾಳೆ ತಟ್ಟಿದರು. ಆಗ ಮೂವತ್ತು ವರ್ಷ ಬೀಡಿ ಕಟ್ಟಿದ ಒಬ್ಬ ತಾಯಿ ಹಿಂದಿನ ಚಾಪೆಯಿಂದ ಕೇಳಿದರು: "ಅಲ್ಲೋ ತಮ್ಮಾ, ಅವನ್ನ ಹಿಡಕೊಂಡು ಹೋದ್ರು, ಛಲೋ ಆತು. ಆ ಐದು ಸಾವಿರ ಮಂದೀದು ರೊಕ್ಕ ಏನಾತು?"

ಯಾರೂ ಉತ್ತರ ಕೊಡಲಿಲ್ಲ. ಒಬ್ಬ ಹುಡುಗ ಮಾತ್ರ, "ಬಿಡ್ರಿ ಅವ್ವಾರ, ಅದು ರಾಜಿ ಆಗೇತಿ" ಎಂದ. ಆ ತಾಯಿ ಬಿಡಲಿಲ್ಲ, ನಾವೂ ಬಿಡಲಾರೆವು. ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ಧಾರಾವಾಹಿಯ ಹೆಸರು 'ಡ್ಯಾಮೇಜಸ್'. ಕೋರ್ಟಿನ ಭಾಷೆಯಲ್ಲಿ ಆ ಮಾತಿಗೆ ನಷ್ಟಪರಿಹಾರವೆಂದು ಅರ್ಥ. ಬೀದಿಯ ಭಾಷೆಯಲ್ಲಿ ಹಾನಿಯೆಂದು ಅರ್ಥ. ಅಮೆರಿಕದ ಎಫ್‌ಎಕ್ಸ್ ವಾಹಿನಿಯಲ್ಲಿ 2007ರ ಜುಲೈಯಲ್ಲಿ ಆರಂಭವಾಗಿ, ನಡುವೆ ಬೇರೆ ವಾಹಿನಿಗೆ ಹೋಗಿ, 2012ರಲ್ಲಿ ಮುಗಿಯಿತು. ಒಟ್ಟು ಐದು ಸರಣಿ. ಪ್ಯಾಟಿ ಹ್ಯೂಸ್ ಎಂಬ ನ್ಯೂಯಾರ್ಕಿನ ಪ್ರಚಂಡ ವಕೀಲೆಯ ಪಾತ್ರವನ್ನು ಗ್ಲೆನ್ ಕ್ಲೋಸ್ ಮಾಡಿದ್ದಾರೆ. ಅದಕ್ಕಾಗಿ 2008 ಮತ್ತು 2009ರಲ್ಲಿ ಎಮ್ಮಿ ಪ್ರಶಸ್ತಿ ಪಡೆದರು. ಆಕೆಯ ಕೈಕೆಳಗೆ ಸೇರುವ ಎಳೆಯ ವಕೀಲೆ ಎಲೆನ್ ಪಾರ್ಸನ್ಸ್ ಪಾತ್ರದಲ್ಲಿ ರೋಸ್ ಬರ್ನ್ ಇದ್ದಾರೆ. ಖಳನಾಯಕ ಆರ್ಥರ್ ಫ್ರೋಬಿಷರ್ ಎಂಬ ಕೋಟ್ಯಧೀಶ. ಆ ಪಾತ್ರ ಟೆಡ್ ಡ್ಯಾನ್ಸನ್ ಅವರದು.

ಈ ಫ್ರೋಬಿಷರ್ ಮಾಡಿದ್ದೇನು? ತನ್ನ ಕಂಪೆನಿಯ ಷೇರಿನ ಮೇಲೆ ವಿಶ್ವಾಸವಿಡಿ ಎಂದು ಕೆಲಸಗಾರರಿಗೆ ಹೇಳುತ್ತಲೇ ತನ್ನ ಪಾಲನ್ನು ಗುಟ್ಟಾಗಿ ಮಾರಿಕೊಂಡ. ಕಂಪೆನಿ ಕುಸಿಯಿತು. ಸುಮಾರು 5,000 ಜನರ ಉಳಿತಾಯ, ಮುಪ್ಪಿನ ಕಾಲಕ್ಕೆಂದು ಇಟ್ಟ ಹಣ, ಎಲ್ಲವೂ ಮಣ್ಣುಪಾಲಾಯಿತು. ಅವರೆಲ್ಲರ ಪರವಾಗಿ ಪ್ಯಾಟಿ ಹ್ಯೂಸ್ ದಾವೆ ಹೂಡುತ್ತಾಳೆ. ಮೊದಲ ಸರಣಿಯ ಹದಿಮೂರು ಕಂತುಗಳ ಬೆನ್ನೆಲುಬು ಈ ದಾವೆಯೇ.

ಆದರೆ ಕಂತುಗಳು ಸಾಗಿದಂತೆ ದಾವೆ ಹಿಂದೆ ಸರಿಯುತ್ತದೆ, ಹೆಣಗಳು ಮುಂದೆ ಬರುತ್ತವೆ. ಎಲೆನ್‌ಳನ್ನು ಮದುವೆಯಾಗಬೇಕಿದ್ದ ಡೇವಿಡ್ ಎಂಬ ಯುವ ವೈದ್ಯ ಕೊಲೆಯಾಗುತ್ತಾನೆ. ಅವನ ತಂಗಿಯೇ ಈ ದಾವೆಯಲ್ಲಿ ಬೇಕಾದ ಸಾಕ್ಷಿ. ಕೊಂದವನು ಫ್ರೋಬಿಷರನ ಸಂಬಳ ತಿನ್ನುವ ಒಬ್ಬ ಪೊಲೀಸಿನವನು. ಕೊಲ್ಲಲು ಬಳಸಿದ್ದು ಪುಸ್ತಕಗಳು ಬೀಳದಂತೆ ಆನಿಸಿಡುವ ಒಂದು ಭಾರವಾದ ವಸ್ತು. ಅದರ ಆಕಾರ ಅಮೆರಿಕದ ಸ್ವಾತಂತ್ರ್ಯ ದೇವಿಯ ಪ್ರತಿಮೆಯದು! ಫ್ರೋಬಿಷರನ ವಕೀಲ ರೇ ಫಿಸ್ಕ್ ಮನಸ್ಸಾಕ್ಷಿ ಮತ್ತು ಭಯದ ನಡುವೆ ಸಿಕ್ಕಿ ಪ್ಯಾಟಿಯ ಕಚೇರಿಯಲ್ಲಿಯೇ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಇದೆಲ್ಲ ನಡೆಯುವಾಗ ಫ್ರೋಬಿಷರನ ಕೈಗೆ ಒಂದು ಹನಿ ರಕ್ತವೂ ಅಂಟುವುದಿಲ್ಲ. ಅವನು ಮಕ್ಕಳನ್ನು ಮುದ್ದಿಸುತ್ತಾನೆ, ಕಣ್ಣೀರು ಹಾಕುತ್ತಾನೆ, ತಾನು ಒಳ್ಳೆಯವನೆಂದು ತಾನೇ ನಂಬುತ್ತಾನೆ. ಕಡೆಗೆ 2010ರಲ್ಲಿ ಬಂದ ಮೂರನೆಯ ಸರಣಿಯಲ್ಲಿ, ತನ್ನ ಬದುಕಿನ ಮೇಲೆ ಸಿನಿಮಾ ತೆಗೆಸಿ ಹೆಸರು ತೊಳೆದುಕೊಳ್ಳುವ ಹವಣಿಕೆಯಲ್ಲಿದ್ದಾಗ, ಡೇವಿಡ್‌ನ ಕೊಲೆಗಾಗಿ ಅವನನ್ನು ಬಂಧಿಸುತ್ತಾರೆ. ನಮ್ಮ ಹುಡುಗರು ಚಪ್ಪಾಳೆ ತಟ್ಟಿದ್ದು ಆಗ.

ನಟನೆಯ ಬಗ್ಗೆ ನಮಗೆ ತಕರಾರಿಲ್ಲ. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಬೇಕು. ನಮ್ಮ ತಕರಾರು ಬೇರೆ: ಈ ಖಳನಾಯಕನನ್ನು ನಾವು ಯಾವ ತಪ್ಪಿಗಾಗಿ ದ್ವೇಷಿಸಿದೆವು?

ಎದೆಮುಟ್ಟಿ ಹೇಳೋಣ. ಐದು ಸಾವಿರ ಮನೆಗಳ ಒಲೆ ಆರಿಸಿದ್ದಕ್ಕಾಗಿ ನಾವು ಅವನನ್ನು ದ್ವೇಷಿಸಲಿಲ್ಲ. ಆ ಸಂಗತಿ ಮೊದಲ ಕಂತಿನಲ್ಲಿಯೇ ತಿಳಿದಿತ್ತು. ಆಗ ಯಾರೂ ಹಲ್ಲು ಕಡಿಯಲಿಲ್ಲ. "ಏನೇ ಅನ್ನಿ, ಮನುಷ್ಯ ಮೋಜುಗಾರ" ಎಂದು ನಕ್ಕವರೂ ಇದ್ದರು. ಒಬ್ಬ ಚೆಲುವ ವೈದ್ಯನ ತಲೆ ಒಡೆದು ಸ್ನಾನದ ಕೋಣೆಯಲ್ಲಿ ರಕ್ತ ಹರಿದಾಗ ಮಾತ್ರ ನಮಗೆ ಸಿಟ್ಟು ಬಂತು. ಐದು ಸಾವಿರ ಜನರ ಮುಪ್ಪನ್ನು ಕದ್ದವನನ್ನು ಖಳನೆಂದು ಒಪ್ಪಿಸಲು ಕಥೆಗಾರರು ಒಂದು ಕೊಲೆಯನ್ನು ಸೇರಿಸಬೇಕಾಯಿತು. ಕೊಳ್ಳೆಯೊಂದೇ ಸಾಕಾಗಲಿಲ್ಲ! ಇದು ಕಥೆಗಾರರ ದೋಷವೋ, ನೋಡುವ ನಮ್ಮ ಕಣ್ಣಿನ ದೋಷವೋ? ಎರಡೂ ಎಂದು ನಮ್ಮ ವಾದ.

ಕೋರ್ಟು ಧಾರಾವಾಹಿಗಳ ಪರಂಪರೆಯೇ ಹಾಗೆ ಬಂದಿದೆ. 1957ರಿಂದ 1966ರವರೆಗೆ ನಡೆದ 'ಪೆರಿ ಮೇಸನ್'ನಲ್ಲಿ ವಾರವಾರವೂ ಒಂದು ಕೊಲೆ. ವಕೀಲನ ಪ್ರಶ್ನೆಗೆ ಬೆದರಿ ನಿಜವಾದ ಕೊಲೆಗಾರ ಕೋರ್ಟಿನಲ್ಲಿಯೇ ತಪ್ಪೊಪ್ಪಿಕೊಳ್ಳುತ್ತಿದ್ದ. ನಮ್ಮಲ್ಲಿ 2010ರಲ್ಲಿ ಹಿಂದಿಯಲ್ಲಿ ಬಂದ 'ಅದಾಲತ್' ಕೂಡ ಅದೇ ದಾರಿ ಹಿಡಿಯಿತು. ಒಂದು ಹೆಣ, ಒಬ್ಬ ಅಪರಾಧಿ, ಒಬ್ಬ ಜಾಣ ವಕೀಲ, ಒಂದು ತಪ್ಪೊಪ್ಪಿಗೆ. ಲೆಕ್ಕ ಚುಕ್ತಾ. ನೂರಾರು ಕಂತು ಇದನ್ನೇ ನೋಡಿದವನ ಮನಸ್ಸಿನಲ್ಲಿ ಅಪರಾಧವೆಂದರೆ ಚಾಕು, ಬಂದೂಕು, ವಿಷ ಎಂದು ಅಚ್ಚೊತ್ತಿಬಿಡುತ್ತದೆ. ಸಂಬಳದ ಪಟ್ಟಿಯಲ್ಲಿ, ಲೆಕ್ಕದ ಪುಸ್ತಕದಲ್ಲಿ, ಒಂದು ರುಜುವಿನಿಂದ ನಡೆಯುವ ಅಪರಾಧ ಅವನಿಗೆ ಅಪರಾಧವಾಗಿ ಕಾಣುವುದೇ ಇಲ್ಲ.

"ಇದು ಬರೀ ಕಥೆ, ಮನರಂಜನೆ, ಇಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀರಿ?" ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರ: ಬರೀ ಕಥೆಯಲ್ಲ. ಫ್ರೋಬಿಷರನನ್ನು ನೋಡಿದವರಿಗೆ ಎನ್ರಾನ್ ನೆನಪಾಗದೆ ಇರದು.

ಎನ್ರಾನ್ ಅಮೆರಿಕದ ಹ್ಯೂಸ್ಟನ್ ನಗರದ ಇಂಧನ ಕಂಪೆನಿ. 2000ನೆಯ ಇಸವಿಯ ಆಗಸ್ಟಿನಲ್ಲಿ ಅದರ ಒಂದು ಷೇರಿನ ಬೆಲೆ 90 ಡಾಲರ್ ಮುಟ್ಟಿತ್ತು. 2001ರ ಡಿಸೆಂಬರ್ 2ರಂದು ಕಂಪೆನಿ ದಿವಾಳಿ ಅರ್ಜಿ ಹಾಕಿತು. ಆ ಹೊತ್ತಿಗೆ ಷೇರಿಗೆ ಒಂದು ಡಾಲರೂ ಇರಲಿಲ್ಲ. ಲೆಕ್ಕವನ್ನು ತಿದ್ದಿ, ಸಾಲವನ್ನು ಬೇರೆ ಬೇರೆ ಸಂಸ್ಥೆಗಳ ಹೆಸರಿನಲ್ಲಿ ಬಚ್ಚಿಟ್ಟು, ಇಲ್ಲದ ಲಾಭವನ್ನು ತೋರಿಸಿದ್ದರು.

ಅಲ್ಲಿಯ ನೌಕರರ ನಿವೃತ್ತಿಯ ಹಣದ ವ್ಯವಸ್ಥೆ ಹೇಗಿತ್ತು ಎಂಬುದನ್ನು ನಾವು ಗಮನವಿಟ್ಟು ತಿಳಿಯಬೇಕು. ಕೆಲಸಗಾರ ತನ್ನ ಸಂಬಳದಿಂದ ಒಂದಿಷ್ಟು ಹಾಕುತ್ತಿದ್ದ. ಕಂಪೆನಿ ತನ್ನ ಪಾಲನ್ನು ರೊಕ್ಕವಾಗಿ ಕೊಡದೆ ತನ್ನದೇ ಷೇರಾಗಿ ಕೊಡುತ್ತಿತ್ತು. ಹಾಗೆ ಕೊಟ್ಟ ಷೇರನ್ನು ಐವತ್ತು ವರ್ಷ ತುಂಬುವವರೆಗೆ ಮಾರುವಂತಿರಲಿಲ್ಲ. ಕೆಲಸಗಾರರು ತಮ್ಮ ಪಾಲನ್ನೂ ಕಂಪೆನಿಯ ಮೇಲಿನ ನಂಬಿಕೆಯಿಂದ ಅದರ ಷೇರಿನಲ್ಲಿಯೇ ತೊಡಗಿಸಿದ್ದರು. ಹೀಗಾಗಿ ಅವರ ನಿವೃತ್ತಿ ನಿಧಿಯಲ್ಲಿ ಶೇಕಡಾ 60ರಷ್ಟು ಎನ್ರಾನ್ ಷೇರೇ ತುಂಬಿಕೊಂಡಿತ್ತು. ಕೆಲಸ ಹೋದ ದಿನವೇ ಮುಪ್ಪಿನ ಬುತ್ತಿಯೂ ಹೋಗುವಂಥ ಏರ್ಪಾಟು ಅದು. ಸಾಲದ್ದಕ್ಕೆ 2001ರ ಅಕ್ಟೋಬರ್-ನವೆಂಬರಿನಲ್ಲಿ, ಬೆಲೆ ಜಾರುತ್ತಿದ್ದಾಗಲೇ, ನಿಧಿಯನ್ನು ನೋಡಿಕೊಳ್ಳುವ ಸಂಸ್ಥೆಯನ್ನು ಬದಲಿಸುವ ಕಾರಣ ಹೇಳಿ ಕೆಲವು ವಾರ ನೌಕರರ ಖಾತೆಗಳಿಗೆ ಬೀಗ ಹಾಕಿದರು. ಮುಳುಗುವ ದೋಣಿಯಿಂದ ಹಾರಲೂ ಬಿಡಲಿಲ್ಲ.

ಅಧ್ಯಕ್ಷ ಕೆನೆತ್ ಲೇ ಏನು ಮಾಡುತ್ತಿದ್ದರು? 2001ರ ಸೆಪ್ಟೆಂಬರಿನಲ್ಲಿ, ಷೇರು ಈಗ ಬಹಳ ಅಗ್ಗವಾಗಿದೆ, ಕೊಳ್ಳಲು ಸುಸಮಯ ಎಂಬ ಅರ್ಥದಲ್ಲಿ ನೌಕರರಿಗೆ ಭರವಸೆ ಹೇಳಿದರು. ಅದೇ ವರ್ಷ ತಾವು ಮಾತ್ರ ಕೋಟಿಗಟ್ಟಲೆ ಡಾಲರಿನ ಷೇರುಗಳನ್ನು ಕಂಪೆನಿಗೇ ಹಿಂದಿರುಗಿಸಿ ಹಗುರಾಗಿದ್ದರು. ದಿವಾಳಿ ಅರ್ಜಿಗೆ ಕೆಲವೇ ದಿನ ಮೊದಲು ಸುಮಾರು 500 ಮಂದಿ ಬೇಕಾದ ನೌಕರರಿಗೆ 5.5 ಕೋಟಿ ಡಾಲರ್ ಬೋನಸ್ ಹಂಚಲಾಯಿತು. ಅರ್ಜಿ ಹಾಕಿದ ಮರುದಿನ ನಾಲ್ಕು ಸಾವಿರ ಜನರನ್ನು ಮನೆಗೆ ಕಳಿಸಿದರು. ಅವರಿಗೆ ಮೊದಲು ಸಿಕ್ಕಿದ್ದು ತಲಾ 4,500 ಡಾಲರ್. ಇಪ್ಪತ್ತು ವರ್ಷ ದುಡಿದವನಿಗೂ ಅಷ್ಟೇ, ನಿನ್ನೆ ಬಂದವನಿಗೂ ಅಷ್ಟೇ.

ಇದರಲ್ಲಿ ಎಲ್ಲಿಯೂ ಒಡೆದ ತಲೆಯಿಲ್ಲ, ಬಾಡಿಗೆ ಕೊಲೆಗಾರನಿಲ್ಲ. ಆದ್ದರಿಂದ ಇದನ್ನೇ ಇದ್ದ ಹಾಗೆ ತೋರಿಸಿದರೆ ನಾವು ಹದಿಮೂರು ವಾರ ಕುಳಿತು ನೋಡುತ್ತಿದ್ದೆವೇ? ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಈ ಎನ್ರಾನ್ ನಮಗೆ ದೂರದ್ದೂ ಅಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಹಿರಿಯ ಓದುಗರು ಆ ಹೆಸರನ್ನು ಮರೆತಿರಲಾರರು. ಕೊಂಕಣದ ಗುಹಾಗರ ತಾಲೂಕಿನಲ್ಲಿ ದಾಭೋಳ ವಿದ್ಯುತ್ ಸ್ಥಾವರವನ್ನು ಕಟ್ಟಿಸಿದ್ದು ಇದೇ ಕಂಪೆನಿಯ ಕೂಟ. 1995ರಲ್ಲಿ ಮಹಾರಾಷ್ಟ್ರ ಸರಕಾರ ಅದರ ಕರಾರನ್ನು ರದ್ದುಮಾಡಿ, ಮತ್ತೆ ಮಾತುಕತೆ ಮಾಡಿ ಒಪ್ಪಿಕೊಂಡಿತು. 1999ರಲ್ಲಿ 740 ಮೆಗಾವಾಟಿನ ಮೊದಲ ಹಂತ ನಡೆಯತೊಡಗಿತು. ವಿದ್ಯುತ್ ಬಲು ತುಟ್ಟಿಯಾಗಿ, ರಾಜ್ಯದ ವಿದ್ಯುತ್ ಮಂಡಳಿಗೆ ಕೊಳ್ಳಲಾಗದೆ, 2001ರಲ್ಲಿ ನಿಂತಿತು. ಅದನ್ನು ವಿರೋಧಿಸಿದ ವೇಲದೂರಿನ ಮೀನುಗಾರರ ಮನೆಗಳಿಗೆ 1997ರ ಜೂನ್ 3ರ ನಸುಕಿನಲ್ಲಿ ಪೊಲೀಸರು ನುಗ್ಗಿ ಹೆಂಗಸರನ್ನೂ ಹೊಡೆದೆಳೆದದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1999ರ ತನ್ನ ವರದಿಯಲ್ಲಿ ದಾಖಲಿಸಿದೆ. ಆ ಲಾಠಿಗಳ ಮೇಲೆ ಯಾವ ಧಾರಾವಾಹಿಯೂ ಹದಿಮೂರು ಕಂತು ತೆಗೆಯಲಿಲ್ಲ.

ಇನ್ನು ಶಿಕ್ಷೆಯ ಮಾತು. 2006ರ ಮೇ 25ರಂದು ಲೇ ಮತ್ತು ಜೆಫ್ರಿ ಸ್ಕಿಲಿಂಗ್ ಇಬ್ಬರೂ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಶಿಕ್ಷೆ ವಿಧಿಸುವ ಮೊದಲೇ ಜುಲೈ 5ರಂದು ಲೇ ತೀರಿಕೊಂಡರು. ಮೇಲ್ಮನವಿಗೆ ಅವಕಾಶವಿಲ್ಲದೆ ಸತ್ತರೆಂಬ ಕಾರಣಕ್ಕೆ ಅಲ್ಲಿಯ ನಿಯಮದಂತೆ ಆ ತೀರ್ಮಾನವೇ ರದ್ದಾಯಿತು. ಸ್ಕಿಲಿಂಗ್‌ಗೆ 24 ವರ್ಷಕ್ಕೂ ಮೀರಿದ ಸೆರೆವಾಸ ಆಯಿತು, 2013ರಲ್ಲಿ ಅದು 14ಕ್ಕೆ ಇಳಿಯಿತು, 2019ರಲ್ಲಿ ಬಿಡುಗಡೆಯಾಯಿತು. ಸೆರೆ ಆದದ್ದು ಒಳ್ಳೆಯದೇ. ಆದರೆ ಆ ತಾಯಿಯ ಪ್ರಶ್ನೆ ಇಲ್ಲಿಯೂ ಹಾಗೆಯೇ ನಿಂತಿದೆ: ರೊಕ್ಕ ಏನಾತು?

ಒಂದಿಷ್ಟು ಬಂತು. ಹೇಗೆ ಬಂತೆಂಬುದು ನಮಗೆ ಮುಖ್ಯ. ಕೆಲಸ ಕಳೆದುಕೊಂಡವರು ತಾವೇ ಒಂದುಗೂಡಿದರು. ಅವರಲ್ಲಿ ಹೆಚ್ಚಿನವರಿಗೆ ಯೂನಿಯನ್ ಎಂದರೇನೆಂದೇ ಗೊತ್ತಿರಲಿಲ್ಲ. ಆದರೂ ಅಮೆರಿಕದ ಕಾರ್ಮಿಕ ಸಂಘಗಳ ಒಕ್ಕೂಟ ಎಎಫ್‌ಎಲ್-ಸಿಐಒ ಅವರ ಬೆನ್ನಿಗೆ ನಿಂತು ದಿವಾಳಿ ಕೋರ್ಟಿನಲ್ಲಿ ಹೋರಾಡಲು ನೆರವಾಯಿತು. 2002ರಲ್ಲಿ 4,500 ಡಾಲರಿನ ಬಾಬು ಒಟ್ಟು 13,500ರವರೆಗೆ ಏರಿತು. ಕಳೆದುಹೋದದ್ದರ ಮುಂದೆ ಇದು ಚಿಕ್ಕ ಮೊತ್ತ. ಆದರೆ ಬಂದದ್ದು ಒಗ್ಗಟ್ಟಿನಿಂದ. ಯಾವ ನಾಯಕಿಯ ಜಾಣತನದಿಂದಲೂ ಅಲ್ಲ. 2006ರ ಪಿಂಚಣಿ ರಕ್ಷಣಾ ಕಾಯಿದೆಯಲ್ಲಿ, ಕಂಪೆನಿ ತನ್ನ ಪಾಲಾಗಿ ಕೊಟ್ಟ ಷೇರನ್ನು ಮೂರು ವರ್ಷದ ಸೇವೆಯ ನಂತರ ಮಾರಿ ಬೇರೆಡೆ ತೊಡಗಿಸುವ ಹಕ್ಕೂ ಕೆಲಸಗಾರನಿಗೆ ಬಂತು.

ಇಲ್ಲಿಯೇ ಆ ಧಾರಾವಾಹಿಯ ಎರಡನೆಯ ಸುಳ್ಳು ಬಯಲಾಗುತ್ತದೆ. ಐದು ಸಾವಿರ ಜನರ ಹಣೆಬರಹ ಒಬ್ಬ ಮಹಾ ವಕೀಲೆಯ ಕೈಯಲ್ಲಿದೆ ಎಂದು ಅದು ತೋರಿಸುತ್ತದೆ. ಆಕೆ ಎಂಥವಳು? ಸಾಕ್ಷಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಲು ಆ ಹುಡುಗಿಯ ನಾಯಿಯನ್ನು ಗುಟ್ಟಾಗಿ ಕೊಲ್ಲಿಸಿ, ಅದು ಫ್ರೋಬಿಷರನ ಕೆಲಸವೆಂದು ನಂಬಿಸುವವಳು. ತನ್ನ ಕೈಕೆಳಗಿನ ಎಲೆನ್ ಹೆಚ್ಚು ತಿಳಿದುಕೊಂಡಳೆಂದು ಆಕೆಯನ್ನೇ ಮುಗಿಸಲು ಆಳು ಕಳಿಸುವವಳು. ಆಳು ಸೋಲುತ್ತಾನೆ, ಎಲೆನ್ ರಕ್ತಸಿಕ್ತಳಾಗಿ ಓಡುತ್ತಾಳೆ. ಹಾಗಾದರೆ ಇಲ್ಲಿ ಕೊಲೆಗಡುಕ ಖಳನಾಯಕ ಒಬ್ಬನೋ ಇಬ್ಬರೋ? ಈ ವಿಷಯದಲ್ಲಿ ಕಥೆಗಾರರು ಪ್ರಾಮಾಣಿಕರು: ಆಕೆಯನ್ನು ಸಂತಳೆಂದು ಅವರು ಹೇಳುವುದಿಲ್ಲ. ಆದರೆ ಇಬ್ಬರು ಬಲಿಷ್ಠರ ಕುಸ್ತಿಯನ್ನು ತೋರಿಸುವ ಭರದಲ್ಲಿ, ಯಾರ ಹೊಟ್ಟೆಯ ಮೇಲೆ ಆ ಕುಸ್ತಿ ನಡೆದಿದೆಯೋ ಅವರನ್ನು ಮರೆಯುತ್ತಾರೆ. ಐದು ಸಾವಿರ ಎಂಬುದು ಒಂದು ಸಂಖ್ಯೆಯಾಗಿ ಉಳಿಯುತ್ತದೆ. ಅವರಲ್ಲಿ ಒಬ್ಬನ ಮನೆಯ ಅಡಿಗೆಮನೆಯನ್ನಾದರೂ ನಾವು ನೆನಪಿನಲ್ಲಿ ಇಟ್ಟುಕೊಂಡು ಎದ್ದೆವೇ? ಫ್ರೋಬಿಷರನ ಬಂಗಲೆ, ಪ್ಯಾಟಿಯ ಬೈಠಕಿನ ಕೋಣೆ ನಮಗೆ ಬಾಯಿಪಾಠವಾಗಿದೆ.

ವೇದಪುಸ್ತಕವನ್ನು ಬಲ್ಲ ನಮಗೆ ಇಂಥ ಕಥೆ ಹೊಸದಲ್ಲ. ಅರಸನಾದ ಅಹಾಬನಿಗೆ ನಾಬೋತನ ದ್ರಾಕ್ಷೇತೋಟ ಬೇಕಾಯಿತು. ಪಿತೃಗಳಿಂದ ಬಂದದ್ದನ್ನು ಬಿಡಲು ನಾಬೋತ ಒಪ್ಪಲಿಲ್ಲ. ರಾಣಿ ಈಜೆಬೆಲಳು ಅರಸನ ಹೆಸರಿನಲ್ಲಿ ಪತ್ರ ಬರೆದು ರಾಜಮುದ್ರೆ ಒತ್ತಿದಳು. ಹಿರಿಯರನ್ನು ಸೇರಿಸಿ, ಇಬ್ಬರು ಸುಳ್ಳುಸಾಕ್ಷಿಗಳನ್ನು ಎದುರು ನಿಲ್ಲಿಸಿ, ವಿಚಾರಣೆಯ ಶಾಸ್ತ್ರ ಮುಗಿಸಿ, ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ಅದೂ ಒಂದು ಕೋರ್ಟಿನ ಕಥೆಯೇ. ಅಲ್ಲಿಯೂ ಅರಸನ ಕೈಗೆ ರಕ್ತ ಅಂಟಲಿಲ್ಲ. ಆದರೆ ಪ್ರವಾದಿಯಾದ ಎಲೀಯ ಅವನನ್ನು ಎದುರುಗೊಂಡದ್ದು ಎಲ್ಲಿ? ಅರಮನೆಯಲ್ಲಿ ಅಲ್ಲ, ನಾಬೋತ ಬಿದ್ದ ಸ್ಥಳದಲ್ಲಿಯೂ ಅಲ್ಲ, ಕಿತ್ತುಕೊಂಡ ತೋಟದಲ್ಲಿ. ಅವನು ಕೊಲೆಯನ್ನೂ ಹೆಸರಿಸಿದ, ಕೊಳ್ಳೆಯನ್ನೂ ಹೆಸರಿಸಿದ. ಒಂದಕ್ಕೆ ಶಿಕ್ಷೆ ಕೊಟ್ಟು ಇನ್ನೊಂದನ್ನು ರಾಜಿಗೆ ಬಿಡಲಿಲ್ಲ. ಟೆಲಿವಿಷನ್ನಿನವರು ಪೊಲೀಸರನ್ನು ಕರೆತರುತ್ತಾರೆ. ತೋಟಕ್ಕೆ ಇಳಿದು ಬರುವ ಪ್ರವಾದಿಯನ್ನು ಮಾತ್ರ ಕರೆತರುವುದಿಲ್ಲ.

"ಫ್ರೋಬಿಷರನೂ ಮನುಷ್ಯನಲ್ಲವೇ, ಅವನ ಸಂಕಟವನ್ನೂ ನೋಡಬೇಕಲ್ಲವೇ?" ಎಂದು ನಮ್ಮ ಕೂಟದ ಒಬ್ಬ ಸಹೋದರಿ ಕೇಳಿದ್ದುಂಟು. ನೋಡಬೇಕು. ಪಾಪಿಯನ್ನು ಮನುಷ್ಯನೆಂದು ಕಾಣದವನು ಕ್ರೈಸ್ತನಲ್ಲ. ಆದರೆ ಒಂದು ಮಾತು: ಅವನ ಸಂಕಟವನ್ನು ನೋಡಲು ನಮಗೆ ಮೂರು ಸರಣಿಗಳಷ್ಟು ಸಮಯ ಕೊಟ್ಟವರು, ಅವನಿಂದ ಕೆಟ್ಟವರ ಸಂಕಟಕ್ಕೆ ಮೂರು ಗಳಿಗೆಯನ್ನೂ ಕೊಡದಿದ್ದರೆ ಅದು ಕರುಣೆಯಲ್ಲ, ಪಕ್ಷಪಾತ. ಪಶ್ಚಾತ್ತಾಪದ ಗುರುತು ಕಣ್ಣೀರಲ್ಲ. ಕಿತ್ತುಕೊಂಡದ್ದನ್ನು ಹಿಂದಕ್ಕೆ ಕೊಡುವುದು. ಜಕ್ಕಾಯನು ಅತ್ತನೆಂದು ಬರೆದಿಲ್ಲ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆಂದನು.

ಈಗ ಆ ತಾಯಿಯ ಕಡೆಗೆ ತಿರುಗೋಣ. ಆಕೆ ಯಾಕೆ ಹಾಗೆ ಕೇಳಿದರು? ಅವರು ದುಡಿದ ಒಂದು ಕಾರಖಾನೆಯಲ್ಲಿ ವರ್ಷಗಟ್ಟಲೆ ಕೂಲಿಯಿಂದ ಪ್ರಾವಿಡೆಂಟ್ ಫಂಡು ಮುರಿದುಕೊಂಡರು, ಕಟ್ಟಬೇಕಾದಲ್ಲಿ ಕಟ್ಟಲಿಲ್ಲ. ಕೇಳಲು ಹೋದಾಗ, "ಮಾಲಕರು ದೇವರಂಥವರು, ನಿಮ್ಮ ಮಗಳ ಮದುವೆಗೆ ಸೀರೆ ಕೊಟ್ಟಿರಲಿಲ್ಲವೇ?" ಎಂದು ಮುನೀಮ ಬಾಯಿ ಮುಚ್ಚಿಸಿದ. ಅಲ್ಲಿಯೂ ಹೆಣ ಬೀಳಲಿಲ್ಲ. ಆದ್ದರಿಂದ ಊರಿನಲ್ಲಿ ಯಾರೂ ಅದನ್ನು ಅಪರಾಧವೆನ್ನಲಿಲ್ಲ. "ಲೆಕ್ಕದ ಗೊಂದಲ" ಎಂದರು.

ಗೊಂದಲವಲ್ಲ, ಬಂಧುಗಳೇ, ಅಪರಾಧ. ಕೂಲಿಯಿಂದ ಕಡಿದುಕೊಂಡ ಪ್ರಾವಿಡೆಂಟ್ ಫಂಡಿನ ಹಣವನ್ನು ಕಟ್ಟದೆ ಇಟ್ಟುಕೊಳ್ಳುವ ಮಾಲಕನು ತನಗೆ ನಂಬಿ ಒಪ್ಪಿಸಿದ್ದನ್ನು ನುಂಗಿದವನೆಂದು ಎಣಿಸಬೇಕೆಂಬ ವಿವರಣೆಯನ್ನು 1973ರಲ್ಲಿಯೇ ಭಾರತ ದಂಡ ಸಂಹಿತೆಯ 405ನೆಯ ಕಲಮಿಗೆ ಸೇರಿಸಿದ್ದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಲ್ಲಿಯೂ ಅದು ಉಳಿದಿದೆ. ಕಾಯಿದೆ ಅದನ್ನು ನಂಬಿಕೆದ್ರೋಹವೆಂದು ಕರೆಯುವಾಗ ನಾವು ಯಾಕೆ ಗೊಂದಲವೆಂದು ಕರೆಯಬೇಕು? ಕೊಲೆಗಾರನನ್ನು ಕಂಡರೆ ಕೂಗುವ ನಾವು ಕೊಳ್ಳೆಗಾರನನ್ನು ಕಂಡರೆ ಯಾಕೆ ಕೈಮುಗಿಯಬೇಕು?

ಧಾರಾವಾಹಿ ನೋಡಬೇಡಿರೆಂದು ನಾವು ಹೇಳುವುದಿಲ್ಲ. ನೋಡಿರಿ, ಆದರೆ ಆ ತಾಯಿಯ ಕಣ್ಣಿನಿಂದ ನೋಡಿರಿ. ಖಳನಾಯಕನಿಗೆ ಬೇಡಿ ಬಿದ್ದಾಗ ಚಪ್ಪಾಳೆ ತಟ್ಟುವ ಮೊದಲು, ಅವನು ಕದ್ದದ್ದು ಯಾರ ಕೈಗೆ ಮರಳಿತೆಂದು ಕೇಳಿರಿ. ಮರುದಿನ ಬೆಳಿಗ್ಗೆ ನಿಮ್ಮ ಸಂಬಳದ ಚೀಟಿ ತೆಗೆದು ಎಷ್ಟು ಕಡಿದಿದ್ದಾರೆ ನೋಡಿರಿ. ನಿಮ್ಮ ಪ್ರಾವಿಡೆಂಟ್ ಫಂಡಿನ ಪಾಸ್‌ಬುಕ್ಕಿನಲ್ಲಿ ಅಷ್ಟೇ ಸೇರಿದೆಯೇ ಎಂದು ತಾಳೆ ಹಾಕಿರಿ. ಓದಲು ಬಾರದವರಿಗೆ ಓದು ಬಲ್ಲ ಹುಡುಗರು ಕುಳಿತು ಹೇಳಿರಿ. ಧಾರಾವಾಹಿಯನ್ನು ಕನ್ನಡದಲ್ಲಿ ಹೇಳಲು ಬಂದವರಿಗೆ ಪಾಸ್‌ಬುಕ್ಕನ್ನು ಹೇಳಲು ಬಾರದೇ? ಕಡಿಮೆ ಕಂಡರೆ ಒಬ್ಬರೇ ಮುನೀಮನ ಬಾಗಿಲಿಗೆ ಹೋಗಬೇಡಿರಿ. ಹತ್ತು ಮಂದಿಯಾಗಿ ಹೋಗಿರಿ, ಬರೆದು ಕೊಡಿರಿ, ನಕಲು ಇಟ್ಟುಕೊಳ್ಳಿರಿ.

ಪ್ಯಾಟಿ ಹ್ಯೂಸ್ ನಮ್ಮ ಓಣಿಗೆ ಬರುವುದಿಲ್ಲ. ಬರುವುದೂ ಬೇಡ. ತೋಟ ನಮ್ಮದು, ತೋಟದಲ್ಲಿ ನಿಂತು ಕೇಳಬೇಕಾದವರೂ ನಾವೇ.